ಗಾಳಿಯಿಂದ ನೀರಿಗೆ: ಪೋರ್ಷೆ 911 ಮತ್ತು ಹಳತು–ಹೊಸತರ ವ್ಯಾಜ್ಯ

ಒಂದೇ ಹೆಸರನ್ನೂ ಒಂದೇ ಮೂಲ ವಿನ್ಯಾಸವನ್ನೂ ಅರವತ್ತು ವರ್ಷಗಳಿಗೆ ಮಿಕ್ಕಿ ಉಳಿಸಿಕೊಂಡು ಬಂದ ಸ್ಪೋರ್ಟ್ಸ್ ಕಾರುಗಳು ಬಹಳ ವಿರಳವಾಗಿದ್ದು, ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ತ್ಸುಫೆನ್‌ಹೌಸನ್ ಭಾಗದಲ್ಲಿ ತಯಾರಾಗುವ ಪೋರ್ಷೆ 911 ಅವುಗಳಲ್ಲಿ ಪ್ರಮುಖವಾದುದು. ಹಳೆಯ ಕಾರು ಮೇಲೋ ಹೊಸದು ಮೇಲೋ ಎಂಬ ವಾದ ಕಾರುಪ್ರಿಯರು ಸೇರಿದ ಕಡೆಯಲ್ಲೆಲ್ಲ ಕೇಳಿಬರುತ್ತದೆಯಾದರೂ, ಸಾಮಾನ್ಯವಾಗಿ ಅದು ಪರಸ್ಪರ ಸಂಬಂಧವಿಲ್ಲದ ಎರಡು ಕಾರುಗಳ ಹೋಲಿಕೆಯಾಗಿ ಮುಗಿಯುತ್ತದೆ. 911ರ ವಿಷಯದಲ್ಲಿ ಮಾತ್ರ ಅದು ಒಂದೇ ವಂಶದ ತಲೆಮಾರುಗಳ ನಡುವಿನ ವ್ಯಾಜ್ಯವಾಗಿರುವುದರಿಂದ, ಯಾವುದು ಯಾವಾಗ ಏಕೆ ಬದಲಾಯಿತೆಂಬುದನ್ನು ಸಾಕಷ್ಟು ಖಚಿತವಾಗಿ ಗುರುತಿಸಬಹುದು. ಹಾಗೆ ಗುರುತಿಸುತ್ತ ಹೋದಾಗ, ಹಳೆಯ ಕಾರಿನ ಗುಣವೆಂದು ಇಂದು ಕೊಂಡಾಡಲಾಗುವ ಅಂಶಗಳಲ್ಲಿ ಹಲವು ತಮ್ಮ ಕಾಲದಲ್ಲಿ ಎಂಜಿನಿಯರುಗಳು ನಿವಾರಿಸಲು ಹೆಣಗಿದ ದೋಷಗಳೇ ಆಗಿದ್ದವೆಂಬುದು ಕಂಡುಬರುತ್ತದೆ.

1963ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಾಗ ಅದರ ಹೆಸರು 901 ಎಂದಿತ್ತು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳ ಮೇಲೆ ಫ್ರಾನ್ಸಿನ ಪೂಜೋ ಕಂಪನಿ ಹಕ್ಕು ಸಾಧಿಸಿದ್ದರಿಂದ ಮರುವರ್ಷ ಅದು 911 ಆಯಿತು. ಸಂಸ್ಥಾಪಕ ಫರ್ಡಿನಾಂಡ್ ಪೋರ್ಷೆಯ ಮೊಮ್ಮಗ ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಷೆ ರೂಪಿಸಿದ ಆ ಕಾರಿನ ಎರಡು ಲೀಟರ್ ಎಂಜಿನ್ 130 ಅಶ್ವಶಕ್ತಿಯನ್ನು ಕೊಡುತ್ತಿತ್ತು ಮತ್ತು ಕಾರು ಗಂಟೆಗೆ 210 ಕಿಲೋಮೀಟರ್ ವೇಗವನ್ನು ಮುಟ್ಟುತ್ತಿತ್ತು. ಆರು ಸಿಲಿಂಡರುಗಳನ್ನು ಮೂರು ಮೂರರಂತೆ ಎರಡು ಪಕ್ಕಗಳಲ್ಲಿ ಅಡ್ಡಲಾಗಿ ಮಲಗಿಸಿ, ಎದುರುಬದುರಿನ ಪಿಸ್ಟನ್‌ಗಳು ಏಕಕಾಲಕ್ಕೆ ಒಳಕ್ಕೂ ಹೊರಕ್ಕೂ ಚಲಿಸುವಂತೆ ಮಾಡಿದ ಈ ರಚನೆಗೆ ಬಾಕ್ಸರ್ ಎಂಜಿನ್ ಎಂದು ಹೆಸರು. ಅದನ್ನು ತಂಪಾಗಿಡಲು ರೇಡಿಯೇಟರ್ ಇರಲಿಲ್ಲ. ಸಿಲಿಂಡರುಗಳ ಹೊರಮೈಗೆ ತೆಳುವಾದ ಲೋಹದ ರೆಕ್ಕೆಗಳನ್ನು ಕೊಟ್ಟು, ದೊಡ್ಡದೊಂದು ಫ್ಯಾನ್ ಅವುಗಳ ಮೇಲೆ ಗಾಳಿ ಬೀಸುವಂತೆ ಮಾಡಲಾಗಿತ್ತು. ಇದು ಅದೇ ಮನೆತನದ ಹಿರಿಯ ರೂಪಿಸಿದ್ದ ಫೋಕ್ಸ್‌ವ್ಯಾಗನ್ ಬೀಟಲ್‌ನಿಂದ ಬಂದ ಪರಂಪರೆಯಾಗಿದ್ದು, ಎಂಜಿನನ್ನು ಹಿಂದಿನ ಗಾಲಿಗಳಿಗಿಂತಲೂ ಹಿಂದಕ್ಕೆ ಇಡುವ ಕ್ರಮವೂ ಅಲ್ಲಿಂದಲೇ ಬಂದಿತು.

ವ್ಯಾಜ್ಯದ ಬೇರು ಇರುವುದು ಈ ಕೊನೆಯ ಅಂಶದಲ್ಲಿ. ಭಾರವೆಲ್ಲ ಹಿಂದಿರುವುದರಿಂದ ವೇಗ ಹೆಚ್ಚಿಸುವಾಗ ಹಿಂದಿನ ಚಕ್ರಗಳಿಗೆ ಒಳ್ಳೆಯ ಹಿಡಿತ ಸಿಗುತ್ತದೆ, ಆದರೆ ಹಿಂಭಾರವಾದ ಎತ್ತಿನಗಾಡಿಯ ಮೂಕಿ ಮೇಲಕ್ಕೇಳುವಂತೆ ಕಾರಿನ ಮೂತಿ ಹಗುರವಾಗಿ ಸ್ಟೀರಿಂಗ್ ಸಡಿಲವಾಗುತ್ತದೆ. ಅದಕ್ಕಿಂತ ಅಪಾಯಕಾರಿಯಾದುದೆಂದರೆ, ತಿರುವಿನ ನಡುವೆ ಚಾಲಕ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಭಾರ ಮುಂದಕ್ಕೆ ಜಾರಿ, ಹಿಂದಿನ ಟೈರುಗಳು ಹಿಡಿತ ಕಳೆದುಕೊಂಡು, ಕಾರಿನ ಹಿಂಬದಿಯೇ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ಕಾರ್ಖಾನೆಗೆ ಇದು ಮೊದಲಿನಿಂದಲೂ ತಿಳಿದಿತ್ತು. ಆರಂಭದ ಕೆಲವು ಕಾರುಗಳ ಮುಂಬಂಪರಿನ ಎರಡು ತುದಿಗಳಲ್ಲಿ ತಲಾ 11 ಕಿಲೋ ತೂಕದ ಲೋಹದ ಗಟ್ಟಿಗಳನ್ನು ಅಡಗಿಸಿಡಲಾಗಿತ್ತು. 1969ರ ಮಾದರಿಯಲ್ಲಿ ಹಿಂದಿನ ಗಾಲಿಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದ್ದಲ್ಲದೆ, ಒಂದು ಬ್ಯಾಟರಿಯ ಬದಲು ಎರಡನ್ನು ಮುಂದಿನ ಎರಡು ಮೂಲೆಗಳಲ್ಲಿ ಇರಿಸಿ ತೂಕ ಸರಿದೂಗಿಸಲಾಯಿತು. ಇಂದು ಆ ಮೊದಲ ಕಾರುಗಳನ್ನು ಚಾಲಕನ ಕೌಶಲವನ್ನು ಬೇಡುವ ನಿಜವಾದ 911 ಎಂದು ಹೊಗಳುವವರು, ಆ ಕೌಶಲದ ಅಗತ್ಯವನ್ನು ಕಡಿಮೆ ಮಾಡಲು ಕಬ್ಬಿಣವನ್ನೇ ಹೇರಿದ್ದ ಕಾರ್ಖಾನೆಯ ಸಂಕಟವನ್ನು ಅಷ್ಟಾಗಿ ನೆನೆಯುವುದಿಲ್ಲ.

ಹಳೆಯ 911ಗಳಲ್ಲಿ ಅತ್ಯಂತ ಪೂಜ್ಯ ಸ್ಥಾನ ಪಡೆದಿರುವ 1973ರ ಕರೇರಾ ಆರ್‌ಎಸ್ 2.7 ಕೂಡ ಹುಟ್ಟಿದ್ದು ರೇಸಿನ ನಿಯಮವೊಂದರ ಅನಿವಾರ್ಯತೆಯಿಂದ. ರೇಸಿಗೆ ಅರ್ಹತೆ ಪಡೆಯಲು ರಸ್ತೆಯ ಮೇಲೆ ಓಡಿಸಬಹುದಾದ 500 ಕಾರುಗಳನ್ನು ತಯಾರಿಸಬೇಕಿತ್ತು, ಅಷ್ಟು ಮಾರಾಟವಾಗುವುದೇ ಎಂಬ ಸಂದೇಹ ಕಂಪನಿಯ ಮಾರಾಟ ವಿಭಾಗಕ್ಕೇ ಇತ್ತು. ತೆಳುವಾದ ತಗಡು, ತೆಳುವಾದ ಗಾಜು, ಹಿಂಬದಿಯಲ್ಲಿ ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಅದುಮುವ ಬಾತುಕೋಳಿಯ ಬಾಲದಂಥ ರೆಕ್ಕೆ, 210 ಅಶ್ವಶಕ್ತಿ – ಇಷ್ಟನ್ನು ಹೊತ್ತು ಬಂದ ಅದರ ಹಗುರ ರೂಪ ಒಂದು ಟನ್ನಿಗಿಂತ ಕಡಿಮೆ ತೂಗುತ್ತಿತ್ತು. ಕೊನೆಗೆ ತಯಾರಾದದ್ದು 1,580 ಕಾರುಗಳು, ಮತ್ತು ಈಚಿನ ದಶಕಗಳ ಹರಾಜುಗಳಲ್ಲಿ ಅವುಗಳಲ್ಲಿ ಕೆಲವು ಹತ್ತು ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಗಿವೆ. ಮರುವರ್ಷ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡ 911 ಟರ್ಬೋ, ಅಂದರೆ ಹೊರಹೋಗುವ ಹೊಗೆಯ ಬಲದಿಂದ ಚಕ್ರವೊಂದನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚಿನ ಗಾಳಿ ತುಂಬುವ ಮಾದರಿ, 260 ಅಶ್ವಶಕ್ತಿಯನ್ನು ತಡವಾಗಿ ಹಾಗೂ ಒಮ್ಮೆಲೇ ಹೊರಹಾಕುತ್ತಿತ್ತು. ತಿರುವಿನಲ್ಲಿ ಅದು ತಂದ ಅನಾಹುತಗಳಿಂದ ಹೆಂಡಿರನ್ನು ವಿಧವೆಯರನ್ನಾಗಿಸುವ ಕಾರೆಂಬ ಕುಖ್ಯಾತಿ ಅದಕ್ಕೆ ಅಂಟಿತು. ಆ ಕುಖ್ಯಾತಿಯೇ ಈಗ ಅದರ ಮಾರುಕಟ್ಟೆಯ ಆಸ್ತಿಯಾಗಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಕಂಪನಿಯ ಆಡಳಿತವೇ 911ರ ಯುಗ ಮುಗಿಯಿತೆಂದು ನಂಬಿತ್ತು. ಮುಂಭಾಗದಲ್ಲಿ ನೀರಿನಿಂದ ತಂಪಾಗುವ ಎಂಟು ಸಿಲಿಂಡರಿನ ಎಂಜಿನ್ ಹೊಂದಿದ್ದ 928 ಎಂಬ ಆಧುನಿಕ ಕಾರು 1977ರಲ್ಲಿ ಬಂದು, ಯುರೋಪಿನ ವರ್ಷದ ಕಾರು ಎಂಬ ಪ್ರಶಸ್ತಿಯನ್ನೂ ಪಡೆಯಿತು. ಕ್ರಮೇಣ ಅದೇ ಹಳೆಯ ಕಾರಿನ ಸ್ಥಾನವನ್ನು ಹಿಡಿಯಬೇಕಿತ್ತು. 1981ರಲ್ಲಿ ಕಂಪನಿಯ ಮುಖ್ಯಸ್ಥರಾಗಿ ಬಂದ ಪೀಟರ್ ಶುಟ್ಸ್ ಅವರು, ಅಭಿವೃದ್ಧಿ ವಿಭಾಗದ ಹೆಲ್ಮುಟ್ ಬಾಟ್ ಅವರ ಕೋಣೆಯ ಗೋಡೆಯಲ್ಲಿದ್ದ ನಕ್ಷೆಯಲ್ಲಿ 911ರ ಗೆರೆ ಆ ವರ್ಷಕ್ಕೇ ನಿಂತಿರುವುದನ್ನು ಕಂಡು, ಪೆನ್ನು ತೆಗೆದುಕೊಂಡು ಆ ಗೆರೆಯನ್ನು ನಕ್ಷೆಯಾಚೆ ಗೋಡೆಯ ಮೇಲೆಯೇ ಎಳೆದರೆಂಬ ಪ್ರಸಂಗವನ್ನು ಅವರೇ ಮುಂದೆ ಹಲವು ಬಾರಿ ಹೇಳಿದ್ದಾರೆ. 928ರ ತಯಾರಿಕೆ 1995ರಲ್ಲಿ ನಿಂತಿತು.

ಉಳಿದ ಗೆರೆಗೆ ನಿಜವಾದ ಸವಾಲು ಬಂದದ್ದು ಕಾನೂನಿನಿಂದ. ಎಂಜಿನ್ನಿನ ಶಬ್ದ ಮತ್ತು ಹೊಗೆಯ ಮೇಲಿನ ಮಿತಿಗಳು ಯುರೋಪ್ ಹಾಗೂ ಅಮೆರಿಕಗಳಲ್ಲಿ ಬಿಗಿಯಾಗುತ್ತ ಹೋದಂತೆ ಗಾಳಿಯಿಂದ ತಂಪಾಗುವ ಎಂಜಿನ್ನಿನ ಮಿತಿಗಳು ಬಯಲಾದವು: ಸಿಲಿಂಡರಿನ ಸುತ್ತ ನೀರಿನ ಪದರವಿದ್ದರೆ ಅದು ಶಬ್ದವನ್ನು ನುಂಗುತ್ತದೆ, ಗಾಳಿಗೆ ಆ ಗುಣವಿಲ್ಲ; ಇಂಧನ ಚೆನ್ನಾಗಿ ಉರಿಯಲು ಸಿಲಿಂಡರಿಗೆ ನಾಲ್ಕು ಕವಾಟಗಳು ಬೇಕು, ಆದರೆ ಅವುಗಳ ನಡುವಿನ ಇಕ್ಕಟ್ಟಾದ ಲೋಹದಲ್ಲಿ ಕೂಡುವ ಶಾಖವನ್ನು ಗಾಳಿಯೊಂದೇ ಹೊರಗೊಯ್ಯುವುದು ಕಷ್ಟ. ಎಂಬತ್ತರ ದಶಕದ 959 ಎಂಬ ಕಾರಿನಲ್ಲಿ ಪೋರ್ಷೆ ಇದಕ್ಕೆ ನಡುದಾರಿಯೊಂದನ್ನು ಹಿಡಿದು, ಸಿಲಿಂಡರುಗಳಿಗೆ ಗಾಳಿಯನ್ನೂ ಕವಾಟಗಳಿರುವ ತಲೆಭಾಗಕ್ಕೆ ನೀರನ್ನೂ ಕೊಟ್ಟಿತ್ತು. ಇದೇ ಹೊತ್ತಿಗೆ ಹಣದ ಮುಗ್ಗಟ್ಟೂ ಸೇರಿಕೊಂಡಿತು. 1986ರಲ್ಲಿ ಐವತ್ತು ಸಾವಿರ ದಾಟಿದ್ದ ವಾರ್ಷಿಕ ಮಾರಾಟ, ಡಾಲರಿನ ಕುಸಿತ ಮತ್ತು ಅಮೆರಿಕದ ಬೇಡಿಕೆಯ ಇಳಿತದಿಂದ, 1993ರ ವೇಳೆಗೆ ಅದರ ಮೂರನೇ ಒಂದು ಭಾಗಕ್ಕೂ ಕೆಳಗಿಳಿಯಿತು. ಹೊಸ ಮುಖ್ಯಸ್ಥ ವೆಂಡೆಲಿನ್ ವೀಡೆಕಿಂಗ್ ಅವರು ಟೊಯೋಟಾದಲ್ಲಿ ಪಳಗಿದ ಜಪಾನಿ ಸಲಹೆಗಾರರನ್ನು ಕರೆಸಿ ಕಾರ್ಖಾನೆಯ ಕೆಲಸದ ರೀತಿಯನ್ನೇ ಬದಲಿಸಿದರು. ಅಗ್ಗದ ಬಾಕ್ಸ್‌ಸ್ಟರ್ ಎಂಬ ಕಾರನ್ನೂ ಹೊಸ 911ಅನ್ನೂ ಹಲವು ಸಮಾನ ಭಾಗಗಳಿಂದ ಕಟ್ಟುವುದೆಂದು ತೀರ್ಮಾನವಾಯಿತು.

ಹೀಗೆ 1997ರಲ್ಲಿ ಬಂದುದು, ಕಂಪನಿಯ ಒಳಸಂಖ್ಯೆಯಲ್ಲಿ 996 ಎನಿಸಿದ, ನೀರಿನಿಂದ ತಂಪಾಗುವ ಮೊದಲ 911. ಅದು 300 ಅಶ್ವಶಕ್ತಿಯ, ಹಿಂದಿನದಕ್ಕಿಂತ ವೇಗದ, ಹೆಚ್ಚು ವಿಶಾಲವಾದ ಕಾರಾಗಿದ್ದರೂ ಹಳೆಯ ಅಭಿಮಾನಿಗಳು ಅದನ್ನು ವಂಶದಿಂದಲೇ ಹೊರಗಿಟ್ಟರು. ಮುಂಬದಿಯ ದೀಪಗಳು ಬಾಕ್ಸ್‌ಸ್ಟರಿನವೇ ಆಗಿ, ಹುರಿದ ಮೊಟ್ಟೆಯೆಂಬ ಅಡ್ಡಹೆಸರು ಪಡೆದದ್ದು ಒಂದು ಕಾರಣ; ಕೆಲವು ಎಂಜಿನ್ನುಗಳಲ್ಲಿ ನಡುದಂಡದ ಬೇರಿಂಗ್ ಮುರಿದು ಎಂಜಿನ್ನೇ ನಾಶವಾಗುತ್ತಿದ್ದುದು ಇನ್ನೊಂದು, ಮತ್ತು ಈ ಎರಡನೆಯದು ನ್ಯಾಯವಾದ ದೂರು. 1998ರಲ್ಲಿ ನಿಂತ ಅದರ ಹಿಂದಿನ 993ರ ಬೆಲೆ ಮುಂದೆ ಬಹಳ ಏರಿತು. ಆ 993ಕ್ಕೂ ಹಿಂದಿನ 964ರಲ್ಲಿ ಪವರ್ ಸ್ಟೀರಿಂಗ್, ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್, ನಾಲ್ಕೂ ಚಕ್ರಗಳಿಗೆ ಬಲ ಹರಿಸುವ ವ್ಯವಸ್ಥೆ ಇವೆಲ್ಲ ಆಗಲೇ ಬಂದಿದ್ದವು. ಹೀಗಿರುವಾಗ ಗಾಳಿಯನ್ನೇ ಶುದ್ಧಿಯ ಗಡಿಯೆಂದು ಹಾಕಿಕೊಂಡದ್ದು ಇತಿಹಾಸದ ದೃಷ್ಟಿಯಿಂದ ಅಷ್ಟೇನೂ ದೃಢವಾದ ನಿಲುವಲ್ಲ.

ಅಂಕಿಗಳ ಮಟ್ಟದಲ್ಲಿ ಹೊಸ ಕಾರುಗಳಿಗೆ ಎದುರಿಲ್ಲ. 2019ರ ಸಾಮಾನ್ಯ ಕರೇರಾದ ಎಂಜಿನ್ 385 ಅಶ್ವಶಕ್ತಿಯದು, ಮೂಲ ಕಾರಿನದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ಆದರೆ ತೂಕ 1,080 ಕಿಲೋದಿಂದ 1,500ಕ್ಕೆ ಏರಿದೆ, ಅಗಲ 161 ಸೆಂಟಿಮೀಟರಿನಿಂದ 185ಕ್ಕೆ ಬೆಳೆದಿದೆ. 1964ರ ಕಾರು ತನ್ನ ಪೂರ್ಣ ಶಕ್ತಿಯನ್ನು ಗುಡ್ಡದ ರಸ್ತೆಯೊಂದರಲ್ಲಿ ಬಳಸಬಲ್ಲದು. ಇಂದಿನದು ಅದನ್ನು ರೇಸ್ ಟ್ರ್ಯಾಕಿನ ಹೊರಗೆ ಕಾನೂನುಬದ್ಧವಾಗಿ ಬಳಸುವ ಸಂದರ್ಭಗಳೇ ಕಡಿಮೆ. ಹಳೆಯದರ ಪಕ್ಷದವರ ವಾದಗಳಲ್ಲಿ ಅಲ್ಲಗಳೆಯಲಾಗದ್ದು ಇದೊಂದು.

ಕಂಪನಿಯೇ ಈ ವಾದವನ್ನು ಒಪ್ಪಿಕೊಂಡ ಪ್ರಸಂಗವೂ ಇದೆ. 2013ರ ಜಿಟಿ3 ಎಂಬ ರೇಸ್ ಸ್ವಭಾವದ ಮಾದರಿ ಪಿಡಿಕೆ ಎಂಬ ಗೇರ್‌ಬಾಕ್ಸಿನೊಂದಿಗೆ ಮಾತ್ರ ಸಿಗುತ್ತಿತ್ತು. ಬೆಸ ಸಂಖ್ಯೆಯ ಗೇರುಗಳಿಗೊಂದು, ಸಮ ಸಂಖ್ಯೆಯ ಗೇರುಗಳಿಗೊಂದು ಕ್ಲಚ್ ಇದ್ದು, ಮುಂದಿನ ಗೇರು ಮೊದಲೇ ಸಿದ್ಧವಾಗಿರುವುದರಿಂದ ಮನುಷ್ಯನ ಕೈಗಿಂತ ಎಷ್ಟೋ ಬೇಗ ಗೇರು ಬದಲಿಸುವ ವ್ಯವಸ್ಥೆ ಅದು. ಗಡಿಯಾರದ ಲೆಕ್ಕದಲ್ಲಿ ಇದು ಸರಿಯಾದ ಆಯ್ಕೆಯಾಗಿತ್ತಾದರೂ ಕೊಳ್ಳುವವರಲ್ಲಿ ದೊಡ್ಡದೊಂದು ವರ್ಗ ಕೈಯಿಂದ ಹಾಕುವ ಗೇರನ್ನೇ ಕೇಳಿತು. 2016ರಲ್ಲಿ ಕಂಪನಿ ಆ ಹಳೆಯ ಗೇರಿನೊಂದಿಗೆ, ದೊಡ್ಡ ಹಿಂಬದಿಯ ರೆಕ್ಕೆಯಿಲ್ಲದೆ, 911 ಆರ್ ಎಂಬ 991 ಕಾರುಗಳನ್ನು ತಯಾರಿಸಿದಾಗ ಅವು ಕೂಡಲೇ ಖಾಲಿಯಾಗಿ, ನಿಗದಿತ ಬೆಲೆಯನ್ನು ಬಹಳ ಮೀರಿ ಮರುಮಾರಾಟವಾದವು. ಮರುವರ್ಷದ ಜಿಟಿ3ಯಲ್ಲಿ ಕೈಗೇರಿನ ಆಯ್ಕೆ ಮರಳಿ ಬಂತು.

ಜರ್ಮನಿಯಲ್ಲಿ ಹಳೆಯ ಕಾರು ಯಾವುದೆಂಬ ಪ್ರಶ್ನೆಗೆ ಕಾನೂನಿನ ಉತ್ತರವೊಂದಿದೆ. ಮೊದಲ ನೋಂದಣಿಯಾಗಿ ಮೂವತ್ತು ವರ್ಷ ತುಂಬಿದ, ಬಹುಮಟ್ಟಿಗೆ ಮೂಲ ಸ್ಥಿತಿಯಲ್ಲಿಯೇ ಉಳಿದಿರುವ ವಾಹನಕ್ಕೆ ಐತಿಹಾಸಿಕ ವಾಹನವೆಂದು ಸಾರುವ, ಕೊನೆಯಲ್ಲಿ ಎಚ್ ಅಕ್ಷರವಿರುವ ನಂಬರ್ ಪ್ಲೇಟ್ ಪಡೆಯುವ ಅವಕಾಶವಿದ್ದು, ಈ ಪದ್ಧತಿ ಜಾರಿಗೆ ಬಂದದ್ದು 996 ಮಾರುಕಟ್ಟೆಗೆ ಬಂದ 1997ರಲ್ಲಿಯೇ. ಆ ಲೆಕ್ಕದಂತೆ, ನೀರಿನಿಂದ ತಂಪಾಗುವ ಮೊದಲ 911ಗಳು 2027ರಿಂದ ಅದೇ ಎಚ್ ಫಲಕಕ್ಕೆ ಅರ್ಹವಾಗುತ್ತವೆ.