ಸ್ವಗೃಹದಲ್ಲಿ ದಿಗ್ಭ್ರಮೆ

ಅರವತ್ತಕ್ಕೆ ಅರಳುಮರಳೆಂಬ ಗಾದೆಯು ಮುಪ್ಪಿನ ಮರೆವನ್ನು ವಯೋಧರ್ಮವೆಂದೇ ಎಣಿಸುವುದು. ಐರೋಪ್ಯರಲ್ಲಿಯೂ ಇಂತಹ ಭಾವನೆಯೇ ರೂಢವಾಗಿದ್ದಿತು. ಅದು ಮೆದುಳಿನ ರೋಗವೂ ಆಗಿರಬಹುದೆಂಬುದಕ್ಕೆ ದೊರೆತ ಪ್ರಸಿದ್ಧ ದೃಷ್ಟಾಂತದಲ್ಲಿ ರೋಗಿಯು ಮುದುಕಿಯಲ್ಲದಿದ್ದುದು ಗಮನಾರ್ಹವಾಗಿದೆ.

1901ನೆಯ ಇಸವಿಯ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯವನ್ನು ಸೇರಿದ ಆಗಸ್ಟೆ ಡೆಟರ್ ಎಂಬಾಕೆಗೆ ಆಗ 51 ವರ್ಷ. ಆಕೆಯನ್ನು ಪರೀಕ್ಷಿಸಿದವರು ಆಲೋಯ್ಸ್ ಆಲ್ಜೈಮರ್ ಎಂಬ ವೈದ್ಯರು. 1906ರಲ್ಲಿ ಆಕೆ ತೀರಿಕೊಂಡ ತರುವಾಯ ಅವರು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಶೋಧಿಸಿ, ಅದೇ ವರ್ಷ ಟ್ಯೂಬಿಂಗನ್ನಿನ ಸಭೆಯಲ್ಲಿ ಅದರ ವಿಷಯವನ್ನು ನಿರೂಪಿಸಿದರು. 1907ರಲ್ಲಿ ಅಚ್ಚಾದ ಅವರ ವರದಿಯು ಬಹು ಚಿಕ್ಕದು. ಅದರಿಂದ ಪ್ರಖ್ಯಾತಿಗೆ ಬಂದುದು ಮೆದುಳಿನಲ್ಲಿ ಕಂಡ ವಿಕಾರಗಳು. ಮೂಲವನ್ನೇ ತೆರೆದು ಓದುವವರಿಗಾದರೋ ಅದಕ್ಕೂ ಮೊದಲು ಮನೆವಾರ್ತೆಯ ಸಂಗತಿಯೊಂದು ಎದುರಾಗುವುದು. ಮೊದಲು ಗಂಡನ ಮೇಲೆ ಶಂಕೆ, ಬಳಿಕ ಮರೆವು, ಆಮೇಲೆ ತನ್ನ ಮನೆಯಲ್ಲಿಯೇ ದಾರಿ ತಿಳಿಯದಾಗಿ, ಸಾಮಾನುಗಳನ್ನು ಅತ್ತಿತ್ತ ಸಾಗಿಸಿ ಬಚ್ಚಿಡತೊಡಗಿದಳೆಂದು ಅಲ್ಲಿ ಹೇಳಿದೆ.

ಈ ದಿಗ್ಭ್ರಮೆಗೆ ಕಾರಣವು ಬಹುಕಾಲದ ಮೇಲೆ ತಿಳಿಯುತ್ತ ಬಂದಿತು. ಇಲಿಯ ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಸ್ಥಳವನ್ನು ಗುರುತಿಸುವ ಜೀವಕೋಶಗಳಿರುವುದನ್ನು ಜಾನ್ ಓಕೀಫ್ ಮತ್ತು ಅವರ ಸಹೋದ್ಯೋಗಿಗಳು 1971ರಲ್ಲಿ ಪ್ರಕಟಿಸಿದರು. ಅದರ ನೆರೆಯ ಭಾಗದಲ್ಲಿ ನೆಲವನ್ನು ಅಳೆಯುವಂತೆ ವರ್ತಿಸುವ ಕೋಶಗಳನ್ನು ನಾರ್ವೆಯ ಮೋಸರ್ ದಂಪತಿಗಳ ತಂಡವು 2005ರಲ್ಲಿ ಕಂಡಿತು. ಆಲ್ಜೈಮರ್ ರೋಗದ ವಿಕಾರವು ಸಾಮಾನ್ಯವಾಗಿ ಈ ಆಸುಪಾಸಿನಲ್ಲಿಯೇ ಮೊದಲಾಗುವುದೆಂದು ಬ್ರಾಕ್ ದಂಪತಿಗಳು 1991ರಲ್ಲಿಯೇ ತೋರಿಸಿದ್ದರು. ಆದಕಾರಣ ಬಚ್ಚಲಿಗೆಂದು ಹೊರಟು ಉಗ್ರಾಣದಲ್ಲಿ ನಿಲ್ಲುವ ವೃದ್ಧರನ್ನು ಹಠಮಾರಿಗಳೆಂದು ಗದರಿಸುವುದು ಅನ್ಯಾಯವೇ ಸರಿ.

ಮನಸ್ಸಿನಲ್ಲಿ ಉಳಿಯದ ದಾರಿಯನ್ನು ಕಣ್ಣಿಗೇ ತೋರಬೇಕೆಂಬುದು ಪರಿಹಾರದ ತತ್ತ್ವ. ಫಿಲಡೆಲ್ಫಿಯಾದಲ್ಲಿ 1974ರಲ್ಲಿ ತೆರೆದ ವೈಸ್ ಇನ್‌ಸ್ಟಿಟ್ಯೂಟಿನಲ್ಲಿ, ಪೊವೆಲ್ ಲಾಟನ್ನರ ಆಲೋಚನೆಯಂತೆ, ಉದ್ದನೆಯ ಓಣಿಗಳನ್ನು ಬಿಟ್ಟು ನಡುವಿನ ತೆರವಾದ ಹಜಾರದ ಸುತ್ತ ಕೊಠಡಿಗಳನ್ನಿರಿಸಿದರು. ತೊಟ್ಟಿಯ ಮನೆಯನ್ನು ಕಂಡವರಿಗೆ ಈ ವಿನ್ಯಾಸವು ತೀರ ಅಪರಿಚಿತವೆನಿಸಲಾರದು. ಸಾಮಾನ್ಯ ಮನೆಯಲ್ಲಿಯಾದರೆ ಪಾಯಿಖಾನೆಯ ಬಾಗಿಲನ್ನು ತೆರೆದಿಟ್ಟು ಇರುಳೆಲ್ಲ ದೀಪ ಉರಿಸುವುದು, ಬಾಗಿಲಿಗೆ ಗೋಡೆಯಿಂದ ಬೇರೆಯಾಗಿ ಕಾಣುವ ಬಣ್ಣ ಬಳಿಯುವುದು, ಅಕ್ಷರದೊಡನೆ ಚಿತ್ರವನ್ನೂ ಅಂಟಿಸುವುದು ಉಪಯುಕ್ತ. ಕಪ್ಪು ಕಾಲೊರಸು ಕೆಲವರಿಗೆ ಹಳ್ಳದಂತೆ ತೋರುವುದರಿಂದ ಅದನ್ನು ತೆಗೆಯುವುದು ಲೇಸು. ಮಂಚ, ಪೆಟ್ಟಿಗೆಗಳ ಸ್ಥಾನವನ್ನು ಬದಲಿಸಬಾರದು. ತಾಯಿಯನ್ನು ಸರದಿಯ ಮೇಲೆ ಒಬ್ಬೊಬ್ಬ ಮಗನ ಮನೆಯಲ್ಲಿರಿಸುವ ಏರ್ಪಾಡು ನ್ಯಾಯವಾಗಿ ಕಂಡರೂ, ಆಕೆಗೆ ಪ್ರತಿ ಸಲವೂ ಬಚ್ಚಲನ್ನು ಹೊಸದಾಗಿ ಹುಡುಕಬೇಕಾಗುವುದು.