ನಳಿಗೆಯ ಮೇಲಿನ ಹೆಸರು

ಕಾಚಿಗೂಡದಲ್ಲಿ ನಮ್ಮ ಗೋಷ್ಠಿಯೊಂದು ಮುಗಿದು ಎಲ್ಲರೂ ಚಹಾ ಹಿಡಿದು ನಿಂತಿದ್ದಾಗ, ಬೀದರ ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಟಿಪ್ಪೂನ ಬಂದೂಕು ಅಂತೀರಿ, ಖರೆ. ಅದನ್ನ ಮಾಡಿದವರು ಯಾರ್ರೀ?” ಹಳೆಯ ಕೋವಿಗಳ ವಿಷಯದಲ್ಲಿ ನನಗೆ ಒಂದಿಷ್ಟು ಹುಚ್ಚಿದೆಯೆಂದು ಅವರಿಗೆ ತಿಳಿದಿತ್ತು. ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ.

ನಾವು ನಿಂತಿದ್ದ ಜಾಗದಿಂದ ಗನ್‌ಫೌಂಡ್ರಿ ದೂರವೇನಲ್ಲ. ಊರಿನವರ ಬಾಯಲ್ಲಿ ಅದು ‘ತೋಪ್ ಕಾ ಸಾಂಚಾ’. ನಿಜಾಮ ಅಲಿ ಖಾನನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ ಅಲ್ಲಿ ತೋಪುಗಳನ್ನು ಎರಕ ಹೊಯ್ಯಿಸುತ್ತಿದ್ದ. 1798ರಲ್ಲಿ ಅವನು ತೀರಿಕೊಂಡ. ಮಲಕ್‌ಪೇಟೆಯಾಚೆಯ ಗುಡ್ಡದ ಮೇಲೆ ಸಮಾಧಿಯಿದೆ, ಮೂಸಾರಾಂಬಾಗ್ ಎಂಬ ಬಡಾವಣೆಯ ಹೆಸರಿನಲ್ಲಿಯೂ ಅವನೇ ಅಡಗಿದ್ದಾನೆ. ಆದರೆ ಕುಲುಮೆಯ ಮುಂದೆ ಬೆವರಿಳಿಸಿದವರ ಒಂದೇ ಒಂದು ಹೆಸರೂ ಊರಿನ ನಾಲಿಗೆಯ ಮೇಲೆ ಉಳಿದಿಲ್ಲ.

ಈ ವಿಷಯದಲ್ಲಿ ಐರ್ಲೆಂಡಿನ ಸಂಗ್ರಾಹಕರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಡಬ್ಲಿನ್ನಿನ ಕಮ್ಮಾರ ತನ್ನ ಹೆಸರನ್ನೂ ಊರನ್ನೂ ಕೋವಿಯ ಮೇಲೆ ಕೆತ್ತುತ್ತಿದ್ದ. ಅಂಗಡಿ ಯಾವ ವರ್ಷ ಯಾವ ಬೀದಿಯಲ್ಲಿತ್ತೆಂಬುದು ಆ ನಗರದ ವ್ಯಾಪಾರಿಗಳ ವಿಳಾಸಪಟ್ಟಿಗಳಲ್ಲಿ ಸಿಗುತ್ತದೆ. ಬೀದಿ ಬದಲಾದರೆ ಕೋವಿಯ ಕಾಲ ತಾನಾಗಿ ಗೊತ್ತಾಗುತ್ತದೆ. 1775ರಲ್ಲಿ ಅಲ್ಲಿ ಆರಂಭವಾದ ರಿಗ್ಬಿ ಮನೆತನದ ಕಸುಬು ಮುಂದೆ ಲಂಡನ್ನಿಗೆ ಹೋಯಿತು. 1907ರಲ್ಲಿ ಜಿಮ್ ಕಾರ್ಬೆಟ್ಟನಿಗೆ ಉಡುಗೊರೆಯಾಗಿ ಬಂದದ್ದು ಅವರದೇ ರೈಫಲ್. ಇನ್ನೊಂದು ವಿಚಿತ್ರವಿದೆ. 1843ರ ಕಾಯಿದೆಯೊಂದು ಐರ್ಲೆಂಡಿನ ಜನರ ಆಯುಧಗಳ ಮೇಲೆ ಕಣ್ಣಿಡಲೆಂದು ಪ್ರತಿ ಕೋವಿಗೂ ಕೌಂಟಿಯ ಅಕ್ಷರ, ಸಂಖ್ಯೆಗಳ ಮುದ್ರೆಯೊತ್ತಿಸಿತು. ಆಳುವವರ ಅನುಮಾನಕ್ಕೆ ಒತ್ತಿದ ಆ ಮುದ್ರೆ ಇಂದು ಸಂಶೋಧಕನಿಗೆ ವರವಾಗಿದೆ.

ನಮ್ಮಲ್ಲಿ ಇದಕ್ಕೆ ಹತ್ತಿರ ಬರುವುದು ಶ್ರೀರಂಗಪಟ್ಟಣವೊಂದೇ ಎಂದು ನನ್ನ ಎಣಿಕೆ. ಟಿಪ್ಪುವಿನ ಅರಮನೆಗೆಂದು ಮಾಡಿದ ಕೋವಿಗಳಲ್ಲಿ ಹುಲಿಪಟ್ಟೆಗಳ ಅಂದವನ್ನು ಎಲ್ಲರೂ ನೋಡುತ್ತಾರೆ. ನೋಡಬೇಕಾದದ್ದು ಬರಹವನ್ನು. ‘ಹೈದರ್’ ಎಂಬ ಹೆಸರಿನ ನಾಲ್ಕು ಅಕ್ಷರಗಳನ್ನು ನಾಲ್ಕು ಮನೆಗಳಲ್ಲಿ ಕೂಡಿಸಿದ ಸರ್ಕಾರಿ ಮುದ್ರೆ, ‘ಪಟನ್’ ಎಂಬ ಊರಿನ ಹೆಸರು, ಇಸವಿ, ಕೊನೆಗೆ ಮಾಡಿದವನ ಹೆಸರು. ಇಸವಿಯಲ್ಲಿ ಮೋಸಹೋಗುವುದು ಸುಲಭ. ಟಿಪ್ಪು 1787ರ ಸುಮಾರಿಗೆ ಹಿಜರಿಯನ್ನು ಬಿಟ್ಟು ಪೈಗಂಬರರ ಜನ್ಮದಿಂದ ಎಣಿಸುವ ಮೌಲೂದಿ ಶಕೆಯನ್ನು ತಂದ. ಅದರ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. ನಾಣ್ಯಗಳಲ್ಲಿಯೂ ಇದೇ ಕ್ರಮ. 1224 ಎಂಬುದು ಎಡದಿಂದ ಓದುವ ಕಣ್ಣಿಗೆ 4221 ಆಗಿ ಕಾಣುತ್ತದೆ. ನಾನೂ ಮೊದಲ ಸಲ ಚಿತ್ರವೊಂದನ್ನು ನೋಡಿ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ.

ಹಾಗೆ ಓದಿದಾಗ ದೊರೆಯುವ ಹೆಸರುಗಳಲ್ಲಿ ಮೂರು ಮುಖ್ಯ: ಸಯ್ಯದ್ ಮಾಸೂಮ್, ಸಯ್ಯದ್ ದಾವೂದ್, ಅಸದ್ ಖಾನ್ ಮುಹಮ್ಮದ್. ಅವರ ಕೈಯಿಂದ ಬಂದದ್ದು ಹಳೆಯ ಬತ್ತಿ ಕೋವಿಗಳಲ್ಲ; ಯೂರೋಪಿನ ಮಾದರಿಯನ್ನು ಅರಗಿಸಿಕೊಂಡು, ಚಕಮಕಿ ಕಲ್ಲಿನ ಕಿಡಿಯಿಂದ ಹಾರುವ, ಒಂದೇ ನಳಿಗೆಯಲ್ಲಿ ಎರಡು ಗುಂಡುಗಳನ್ನು ಒಂದರ ಹಿಂದೊಂದು ತುಂಬಿ ಬೇರೆಬೇರೆಯಾಗಿ ಹಾರಿಸಬಲ್ಲ ಕೋವಿಗಳೂ ಅವುಗಳಲ್ಲಿವೆ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೆಯ ಲೂಯಿಯನ್ನು ಕಂಡು ಫ್ರೆಂಚ್ ಕುಶಲಕರ್ಮಿಗಳನ್ನು ಕರೆತಂದದ್ದು ನಿಜ. ಅದನ್ನೇ ಹಿಡಿದು ಈ ಕೆಲಸವೆಲ್ಲ ಪರದೇಶಿಗಳದೆನ್ನುವವರು ನಳಿಗೆಯ ಮೇಲಿನ ಹೆಸರನ್ನು ಓದಿಲ್ಲವೆಂದೇ ಹೇಳಬೇಕು.

ಆಮೇಲೆ 1799ರ ಮೇ 4 ಬಂತು. ಕೋಟೆಗೆ ನುಗ್ಗಿದ ಪಡೆಗಳ ಜೊತೆಗಿದ್ದ ಹೈದರಾಬಾದಿನ ಸೈನ್ಯದ ಮೇಲ್ವಿಚಾರಣೆ ಆರ್ಥರ್ ವೆಲ್ಲೆಸ್ಲಿಯದಾಗಿತ್ತು. ಅವನು ಹುಟ್ಟಿದ್ದು ಡಬ್ಲಿನ್ನಿನಲ್ಲಿ! ನಿಜಾಮನ ಕಡೆಯ ಮುಖ್ಯಸ್ಥ ಮೀರ್ ಆಲಂ. ಇಲ್ಲಿಯ ಮೀರ್ ಆಲಂ ಕೆರೆಗೆ ಆ ಲೂಟಿಯ ಪಾಲಿನ ಹಣ ಹೋಯಿತೆಂದು ಹೇಳುವುದುಂಟು. ವಿಜೇತರು ಪಟ್ಟಣದಲ್ಲಿ ಎಣಿಸಿದ ತೋಪುಗಳು 929. ತೋಪುಗಳಿಗೆ ಲೆಕ್ಕವಿತ್ತು, ಕಾರ್ಖಾನೆಯ ಕೆಲಸಗಾರರಿಗೆ ಇರಲಿಲ್ಲ. ಮರುವರ್ಷ ಬಂದ ಫ್ರಾನ್ಸಿಸ್ ಬುಕಾನನ್ ಮಾಗಡಿ ಸೀಮೆಯ ಕಬ್ಬಿಣದ ಕುಲುಮೆಗಳನ್ನೂ ಚನ್ನಪಟ್ಟಣದ ಉಕ್ಕಿನ ತಂತಿಯನ್ನೂ ವಿವರವಾಗಿ ಬರೆದ. ಶ್ರೀರಂಗಪಟ್ಟಣದ ದ್ವೀಪದಲ್ಲಿ ಆಗ ಉಳಿದಿದ್ದವರು ಸುಮಾರು 32 ಸಾವಿರ ಜನ. ಹಿಂದೆ ಒಂದೂವರೆ ಲಕ್ಷವಿದ್ದಿರಬಹುದೆಂದು ಅವನ ಅಂದಾಜು. ಬೇಡಿಕೆಯಿಟ್ಟ ದೊರೆಯಿಲ್ಲದ ಮೇಲೆ ಅಂಥ ಕೋವಿಯನ್ನು ಮಾಡಿಸುವವರು ಯಾರಿದ್ದರು?

ಕೋವಿಗಳು ವಿಂಡ್ಸರಿಗೆ, ಲಂಡನ್ನಿನ ವಸ್ತುಸಂಗ್ರಹಾಲಯಗಳಿಗೆ, ಖಾಸಗಿ ಮನೆಗಳಿಗೆ ಹಂಚಿಹೋದವು. ಅವುಗಳನ್ನು ಒಂದೊಂದಾಗಿ ಕಲೆಹಾಕಿ, ಮುದ್ರೆಗಳನ್ನು ಹೋಲಿಸಿ 1992ರಲ್ಲಿ ಪುಸ್ತಕ ಬರೆದವನು ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ. 2005ರ ಮೇ ತಿಂಗಳಲ್ಲಿ ಅವನ ಸಂಗ್ರಹ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಮತ್ತೆ ಚದುರಿತು. ಈ ಕೆಲಸ ಕನ್ನಡದಲ್ಲಿ ಆಗಬೇಕಿತ್ತು. ಪಾರಸಿ ಬಲ್ಲವರು ನಮ್ಮಲ್ಲಿ, ಅದರಲ್ಲೂ ಈ ಹೈದರಾಬಾದಿನಲ್ಲಿ, ಕಡಿಮೆಯೇನಿರಲಿಲ್ಲ.

ಕಾಚಿಗೂಡದಿಂದ ಸಂಜೆ ಹೊರಡುವ ಮೈಸೂರು ರೈಲು ಮರುದಿನ ಬೆಳಗ್ಗೆ ಶ್ರೀರಂಗಪಟ್ಟಣದ ಮೂಲಕವೇ ಹಾಯ್ದುಹೋಗುತ್ತದೆ. ಜೋಡಿ ಹಳಿ ಹಾಕಲು ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವೊಂದನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರು ಸರಿಸಿದರು. ಮುಂದಿನ ಗೋಷ್ಠಿಯಲ್ಲಿ ಆ ಹಿರಿಯರಿಗೆ ಇದನ್ನು ಹೇಳಿದೆ. ಮೂರು ಹೆಸರುಗಳನ್ನೂ ಹೇಳಿದೆ. ಅವರು ಕಿಸೆಯಿಂದ ಡೈರಿ ತೆಗೆದು, “ನಿಧಾನಕ್ಕ ಹೇಳ್ರಿ” ಎಂದು ಒಂದೊಂದನ್ನೂ ಬರೆದುಕೊಂಡರು.