ವನದುರ್ಗದ ದಾರಿ

ಬಜಪೆ ನಮ್ಮೂರು. 1951ರಲ್ಲಿ ಇಲ್ಲಿ ವಿಮಾನ ನಿಲ್ದಾಣವಾದಂದಿನಿಂದ ದೂರದ ಪ್ರವಾಸಿಗರಿಗೆ ಇದು ತುಳುನಾಡಿನ ಹೆಬ್ಬಾಗಿಲು. ಹೀಗೆ ಬಂದಿಳಿಯುವ ನೆಂಟರಿಷ್ಟರು ನನ್ನಲ್ಲಿ ವಿಚಾರಿಸುವುದು ಸಾಮಾನ್ಯವಾಗಿ ಎರಡು ಸಂಗತಿಗಳನ್ನು: ಹುಲಿ, ಆನೆಗಳಿರುವ ಕಾಡು ಯಾವ ಕಡೆ? ಕೋಟೆ, ಅರಮನೆಗಳು ಯಾವ ಕಡೆ? ಮೂರು ದಿನ ಕಾಡಿಗೆ, ಮೂರು ದಿನ ಚರಿತ್ರೆಗೆ ಎಂದು ಪಾಲು ಮಾಡಿಕೊಂಡೇ ಅವರು ಬಂದಿರುತ್ತಾರೆ. ಈ ಪಾಲು ಸರಿಯೇ ಎಂಬುದು ನನ್ನ ಸಂದೇಹ. ಬಜಪೆಯಿಂದ ಹೊರಟು ಮೈಸೂರನ್ನು ಮುಟ್ಟಿ, ಸಕಲೇಶಪುರದ ಮೇಲಾಗಿ ಮರಳುವ ದಾರಿಯಲ್ಲಿ ನಾನು ಹಲವು ಸಲ ಸಂಚರಿಸಿದ್ದೇನೆ. ಕಾಡು ಎಲ್ಲಿ ಮುಗಿಯಿತು, ಕೋಟೆ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ನನ್ನಿಂದ ಸಾಧ್ಯವಾಗಿಲ್ಲ.

ನಮ್ಮ ಪ್ರಾಚೀನರೂ ಅಂಥ ಗೆರೆಯನ್ನು ಎಳೆದವರಲ್ಲ. ಜಲದುರ್ಗ, ಗಿರಿದುರ್ಗಗಳ ಸಾಲಿನಲ್ಲಿಯೇ ಅವರು ವನದುರ್ಗವನ್ನೂ ಎಣಿಸಿದರು. ಕಲ್ಲಿನ ಗೋಡೆಯಿಲ್ಲದಿದ್ದರೂ ದಟ್ಟವಾದ ಅಡವಿಯೇ ರಾಜ್ಯಕ್ಕೆ ಕೋಟೆಯಾಗಬಲ್ಲುದು ಎಂಬುದು ಅದರ ಅರ್ಥ. ಕೌಟಿಲ್ಯನು ಆನೆಗಳಿಗಾಗಿಯೇ ಕಾಡನ್ನು ಕಾಯಬೇಕೆಂದೂ, ಅಲ್ಲಿ ಆನೆಯನ್ನು ಕೊಂದವನಿಗೆ ಮರಣವೇ ದಂಡವೆಂದೂ ವಿಧಿಸಿದ. ಕಲ್ಯಾಣದ ಚಾಳುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆ ಹಿಡಿಯುವ ಬಗೆಗಳನ್ನು ವಿವರಿಸಿದ್ದಾನೆ. ಆನೆಯಿಲ್ಲದೆ ಸೈನ್ಯವಿಲ್ಲ, ಕಾಡಿಲ್ಲದೆ ಆನೆಯಿಲ್ಲ. ಅರಸರು ಕಾಡನ್ನು ಕಾಪಾಡಿದ್ದರ ಹಿಂದೆ ದಯೆಗಿಂತ ಹೆಚ್ಚಾಗಿ ಈ ಲೆಕ್ಕಾಚಾರವಿತ್ತು.

ಬಜಪೆಗೆ ಸಮೀಪದಲ್ಲಿಯೇ ಪಿಲಿಕುಳವಿದೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ; ಹುಲಿ ನೀರು ಕುಡಿಯುತ್ತಿದ್ದ ಕೊಳವೆಂದು ಹೆಸರೇ ಸಾರುತ್ತದೆ. ಈಗ ಅಲ್ಲಿರುವುದು ಮೃಗಾಲಯದ ಹುಲಿ. ಕೈಕಂಬದ ಮಾರ್ಗವಾಗಿ ಮುಂದೆ ಸಾಗಿದರೆ ಮೂಡುಬಿದಿರೆ. ಅಲ್ಲಿನ ಚೌಟರ ಅರಮನೆ ಆಡಂಬರದ್ದಲ್ಲ. ಆದರೆ ಅದರ ಮರದ ಕಂಬಗಳ ಮುಂದೆ ನಿಂತವರು ಬೇಗ ಕದಲಲಾರರು. ಐವರು ಸ್ತ್ರೀಯರ ಮೈ ಹೆಣೆದು ಒಂದು ಕುದುರೆಯಾಗಿದೆ: ಪಂಚನಾರೀ ತುರಗ. ಒಂಬತ್ತು ಮಂದಿ ಸೇರಿ ಒಂದು ಆನೆಯಾಗಿದ್ದಾರೆ: ನವನಾರೀ ಕುಂಜರ. ಅದೇ ಊರಿನಲ್ಲಿ 1430ರಲ್ಲಿ ಕಟ್ಟಲಾರಂಭಿಸಿದ ಸಾವಿರ ಕಂಬದ ಬಸದಿಯ ಜಗಲಿಯ ಕೆತ್ತನೆಯಲ್ಲಿ ಜಿರಾಫೆಯೂ ಇದೆ. ಕಾಡಿನ ಮೃಗ ಘಟ್ಟವಿಳಿದು ಬಂದರೆ, ಕಾಣದ ನಾಡಿನ ಮೃಗ ಕಡಲ ವ್ಯಾಪಾರದೊಡನೆ ಬಂದಿರಬೇಕು. ಎರಡಕ್ಕೂ ನಮ್ಮ ಶಿಲ್ಪಿಗಳು ಎಡೆ ಕೊಟ್ಟರು.

ಬೆಳ್ತಂಗಡಿಯ ಬಳಿ ಒಂಟಿಯಾಗಿ ಎದ್ದುನಿಂತ ಕರಿಬಂಡೆಯೇ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಸುಲ್ತಾನ್ ಇದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದನೆನ್ನುತ್ತಾರೆ. ಬಂಡೆಯಲ್ಲಿ ಕಡಿದ ಇಕ್ಕಟ್ಟಾದ ಮೆಟ್ಟಿಲುಗಳ ಹೊರತು ಮೇಲೇರಲು ಬೇರೆ ದಾರಿಯಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೂ ಇಂಗ್ಲಿಷರ ವಶವಾಯಿತು. ಇಂದು ಈ ಕೋಟೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದೆ. ಹತ್ತಬೇಕಾದವರು ಅರಣ್ಯ ಇಲಾಖೆಗೆ ಶುಲ್ಕ ತೆರಬೇಕು. ಕೋಟೆಯ ಕಾವಲು ಕಾಡಿನವರ ಕೈಗೆ ಬಂದಿದೆ ಎನ್ನಬಹುದು.

ಅಲ್ಲಿಂದ ಪುತ್ತೂರು, ಸುಳ್ಯಗಳನ್ನು ಹಾದು ಸಂಪಾಜೆಯ ಘಟ್ಟವನ್ನೇರಿದರೆ ಮಡಿಕೇರಿ. ಹಾಲೇರಿ ಅರಸರ ಕೋಟೆಯ ಅಂಗಳದಲ್ಲಿ ಗಾರೆಯಿಂದ ಮಾಡಿದ ಎರಡು ಆನೆಗಳು ಜೀವಂತ ಆನೆಯ ಗಾತ್ರದಲ್ಲಿಯೇ ನಿಂತಿವೆ. ಮಕ್ಕಳು ಅವುಗಳ ಸೊಂಡಿಲು ಸವರಿ ಸಂತೋಷಪಡುತ್ತಾರೆ. ಇದೇ ವಂಶದ ಅರಸರು ತಾವು ಕೊಂದ ಆನೆಗಳ ಲೆಕ್ಕವನ್ನು ಶಿಲಾಶಾಸನದಲ್ಲಿ ಬರೆಯಿಸಿದ್ದಾರೆ. ಆ ಲೆಕ್ಕ ನೂರುಗಳಲ್ಲಿದೆ. ಕೊಂದುದನ್ನೂ ಅಂಗಳದಲ್ಲಿ ನಿಲ್ಲಿಸಿದುದನ್ನೂ ಒಟ್ಟಿಗೆ ನೆನೆದರೆ ಮನಸ್ಸು ತುಸು ಕಲಕುತ್ತದೆ.

ಕೊಡಗಿನ ಪೂರ್ವದ ಅಂಚಿನಲ್ಲಿ ನಾಗರಹೊಳೆಯ ಕಾಡು. ಅದಕ್ಕೆ ತಾಗಿಕೊಂಡು ಕಬಿನಿಯ ದಡದಲ್ಲಿ ಕಾಕನಕೋಟೆ. ಹೆಸರಿನಲ್ಲಿ ಕೋಟೆ, ಇರುವುದು ಅಡವಿ. ಮಾಸ್ತಿಯವರ ನಾಟಕವನ್ನು ಓದಿದವರಿಗೆ ಕುರುಬರ ಕಾಕ ಪರಿಚಿತನೇ. ಇಲ್ಲಿ ಹೈದರಾಲಿಯು ಆನೆಗಳನ್ನು ಹಿಡಿಯಲು ಹೋಗಿ ಸೋತು, ಮುಂದೆ ಯತ್ನಿಸುವವರಿಗೆ ಕಲ್ಲಿನಲ್ಲಿ ಶಾಪವನ್ನು ಬರೆಯಿಸಿದನೆಂದು ಸ್ಯಾಂಡರ್‌ಸನ್ ಎಂಬ ಇಂಗ್ಲಿಷ್ ಅಧಿಕಾರಿ ದಾಖಲಿಸಿದ್ದಾನೆ. ಆ ಸ್ಯಾಂಡರ್‌ಸನ್ನನೇ 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾದಲ್ಲಿ ಗೆದ್ದ. ಅನಂತರ ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಯಿತು. ಹಿಂಡನ್ನು ತಮಟೆ, ಪಂಜುಗಳಿಂದ ಬೆದರಿಸಿ ಹೊಳೆಗಿಳಿಸಿ, ಆಚೆಯ ದೊಡ್ಡಿಗೆ ಅಟ್ಟುವುದು. ಬಳಿಕ ಪಳಗಿದ ಆನೆಗಳ ನೆರವಿನಿಂದ ಹಗ್ಗ ಬಿಗಿಯುವುದು. ಮೈಸೂರಿನ ಮಹಾರಾಜರೂ ಅವರ ಅತಿಥಿಗಳಾದ ವೈಸರಾಯರೂ ಇದನ್ನು ನೋಡಿ ಬೆರಗಾದರು. ಆದರೆ ಹಿಂಡಿನ ಜಾಡನ್ನು ತೋರಿದವರು, ಕಾಡಾನೆಯ ಕಾಲಿನ ಬಳಿ ಸುಳಿದವರು ಜೇನುಕುರುಬರು. ಅತಿಥಿಗಳ ಹೆಸರುಗಳು ಗ್ರಂಥಗಳಲ್ಲಿವೆ, ಅವರವು ಇಲ್ಲ.

ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಕೆಲವೇ ವರ್ಷಗಳಲ್ಲಿ ಖೆಡ್ಡಾದ ನೆಲ ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿತು. ಆ ನೀರಿನಂಚಿಗೆ ಬೇಸಗೆಯಲ್ಲಿ ಮೇಯಲು ಬರುವ ಆನೆಗಳನ್ನು ಕಾಣಲೆಂದೇ ಇಂದು ಪ್ರವಾಸಿಗರು ಬರುತ್ತಾರೆ. ಅಭಯಾರಣ್ಯವನ್ನು ಕಾಯುವ ಹೆಸರಿನಲ್ಲಿ ಜೇನುಕುರುಬರ ಅನೇಕ ಹಾಡಿಗಳು ಕಾಡಿನ ಹೊರಗೆ ಬಂದವು. ಅರಸನ ಬೇಟೆಗೆ ಬೇಕಾಗಿದ್ದವರು ಪ್ರಜಾರಾಜ್ಯದ ರಕ್ಷಣೆಗೆ ಬೇಡವಾದರೇ ಎಂಬ ಪ್ರಶ್ನೆಗೆ ನಾವಿನ್ನೂ ಉತ್ತರ ಕೊಟ್ಟಿಲ್ಲ.

ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. 1912ರ ಹೊತ್ತಿಗೆ ಈಗಿನ ಅರಮನೆ ಸಿದ್ಧವಾಯಿತು. ದಸರೆಯ ಅಂಬಾರಿಯನ್ನು ನೋಡಲು ನೆರೆಯುವ ಜನಸಮುದ್ರಕ್ಕೆ ಅದನ್ನು ಹೊರುವ ಆನೆ ಕಾಡಿನ ಮಗು ಎಂಬುದು ನೆನಪಾಗುವುದು ಕಡಿಮೆ. ಅರಸರ ಬೇಟೆಯ ನೆಲವಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬೇಟೆಯ ವಂಶದಲ್ಲಿಯೇ ಹುಟ್ಟಿದ ಜಯಚಾಮರಾಜ ಒಡೆಯರು 1952ರಲ್ಲಿ ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರಾಗಿದ್ದುದನ್ನೂ ಇಲ್ಲಿ ಸ್ಮರಿಸಬೇಕು.

ಮರಳುವ ದಾರಿಯಲ್ಲಿ, ಸಕಲೇಶಪುರವನ್ನು ದಾಟಿದೊಡನೆ ಮಂಜರಾಬಾದ್. ನಕ್ಷತ್ರದಂತೆ ಎಂಟು ಮೂಲೆಗಳ ಈ ಕೋಟೆಯೂ ಟಿಪ್ಪುವಿನದೇ. ಗೋಡೆಯ ಮೇಲೆ ನಿಂತರೆ ಸುತ್ತಲೂ ಕಾಫಿ ತೋಟ, ನಡುನಡುವೆ ಕಾಡು. ಆನೆ, ಮನುಷ್ಯರ ಜಗಳ ಇಂದು ಅತ್ಯಂತ ತೀವ್ರವಾಗಿರುವ ಸೀಮೆಗಳಲ್ಲಿ ಇದೊಂದು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಅರ್ಜುನ ಎಂಬ ಆನೆ, 2012ರಿಂದ 2019ರವರೆಗೆ ಸುಮಾರು 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತು, ಮುಪ್ಪಿನಲ್ಲಿ ಈ ತಾಲ್ಲೂಕಿನ ಯಸಳೂರಿಗೆ ಬಂತು. ಕಾಡಾನೆಯೊಂದನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, 2023ರ ಡಿಸೆಂಬರ್ 4ರಂದು, ಕಾಡಿನ ಸಲಗದೊಡನೆ ಕಾದಾಡುತ್ತ ಅದು ಮಡಿಯಿತು. ಹಿಡಿದುದು ಅರಮನೆಯ ಕಾಲದ ವಿದ್ಯೆ. ಹೊರಿಸಿದುದು ಅರಮನೆಯ ವೈಭವ. ಸತ್ತುದು ನಮ್ಮ ಕಾಲದ ಜಗಳದಲ್ಲಿ. ಅರ್ಜುನನನ್ನು ಅಲ್ಲಿಯ ಕಾಡಿನಲ್ಲಿಯೇ ಮಣ್ಣು ಮಾಡಿದ್ದಾರೆ. ಕೋಟೆಯನ್ನು ನೋಡಲು ಬರುವವರು ಆ ಆನೆಯ ಕಥೆಯನ್ನೂ ಕೇಳಿ ಹೋದರೆ, ಅವರು ಚರಿತ್ರೆಯನ್ನು ಕಂಡಂತಾಗುತ್ತದೆ.